ಹಡಗಿನವರ ಮರ್ಯಾದೆ



ಆಳಂದದಿಂದ ಸಮುದ್ರವು ಬಹು ದೂರ. ನಮ್ಮ ಸೀಮೆಯವರಿಗೆ ನೀರೆಂದರೆ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವ ಅಮರ್ಜೆ, ಅಫಜಲಪುರ ಜೇವರ್ಗಿಗಳ ಹೊಲಗಳನ್ನು ತಣಿಸುವ ಭೀಮೆ. ಹಡಗೆಂದರೆ ಮಕ್ಕಳ ಪುಸ್ತಕದೊಳಗಿನ ಚಿತ್ರ. ಆದರೂ ಈ ತಿಂಗಳು ಹಡಗಿನ ವಿಷಯವನ್ನೇ ಬರೆಯಬೇಕಾಗಿ ಬಂದಿದೆ. ಪರದೇಶಗಳಲ್ಲಿ ನೆಲೆಸಿದ ಮಕ್ಕಳು ತಾಯಿತಂದೆಗಳನ್ನು ಕರೆಯಿಸಿಕೊಂಡು, ವಾರಗಟ್ಟಲೆ ಸಮುದ್ರದಲ್ಲಿ ಸಂಚರಿಸುವ ವಿಹಾರನೌಕೆಗಳನ್ನು ಹತ್ತಿಸುವ ರೂಢಿಯು ಈಗ ನಮ್ಮ ಮನೆಗಳವರೆಗೂ ಬಂದಿದೆ.

ನಮ್ಮ ಪರಿಚಯದ ವೃದ್ಧ ಮಾಸ್ತರರೊಬ್ಬರು ಪತ್ನೀಸಮೇತರಾಗಿ ಇಂಥ ಪ್ರವಾಸವನ್ನು ಎರಡು ಸಲ ಮಾಡಿದರು. ಮೊದಲನೆಯ ಸಲ ಹಡಗಿನವರು ಬಟ್ಟೆಗಳನ್ನು ಬಿಟ್ಟಿಯಾಗಿ ಒಗೆಯಿಸಿ ಕೊಟ್ಟರು. ಆಳುಗಳ ಬಕ್ಷೀಸು ಟಿಕೀಟಿನಲ್ಲಿಯೇ ಸೇರಿತ್ತು. ಕೋಣೆಗೆ ಹಣ್ಣಿನ ಬುಟ್ಟಿ ಬಂದಿತು. ಎರಡು ವರ್ಷಗಳ ತರುವಾಯ ಮಗನು ಅದೇ ಕಂಪನಿಯ ಇನ್ನೂ ದೀರ್ಘವಾದ ಪ್ರವಾಸಕ್ಕೆ ಹಣ ಕಟ್ಟಿದನು. ಹಳೆಯ ಗಿರಾಕಿಗಳೆಂದು ಮರ್ಯಾದೆಯು ಹೆಚ್ಚೀತೆಂದು ಇವರು ಭಾವಿಸಿದ್ದರು. ಆದರೆ ನಡುವೆ ನಿಯಮಗಳು ಬದಲಾಗಿದ್ದುವು. ಬಟ್ಟೆ ಒಗೆಯಿಸಲು ಒಂದೊಂದು ಅರಿವೆಗೂ ದರ. ಬಕ್ಷೀಸು ತಲೆಗಿಷ್ಟು, ದಿನಕ್ಕಿಷ್ಟು. ಆ ತಾಯಿ ಕೋಣೆಯ ಕೈತೊಳೆಯುವ ಬೋಗುಣಿಯಲ್ಲಿ ಸೀರೆ ಹಿಂಡಿ, ಕುರ್ಚಿಯ ಮೇಲೆ ಹರವಿದರಂತೆ.

“ಮೊದಲ್ನೇ ಸಲ ಹೊಸ ಅಳಿಯನ್ಹಂಗ ನೋಡಿಕೊಂಡ್ರು, ಎರಡನೇ ಸಲ ಹಳೇ ಅಳಿಯನ್ಹಂಗ” ಎಂದು ಅವರು ನಕ್ಕರು. ಮಾಸ್ತರರು ನಗಲಿಲ್ಲ. ಕೊನೆಯ ದಿನ ಬಂದ ಲೆಕ್ಕದ ಚೀಟಿಯನ್ನು ಮಗನಿಗೆ ತೋರಿಸದೆ, ಕಾಶಿಯಾತ್ರೆಗೆಂದು ಪಿಂಚಣಿಯಲ್ಲಿ ಕೂಡಿಟ್ಟ ಹಣದಿಂದ ತೀರಿಸಿದ್ದರು.

ಹಡಗಿನವರು ಹೀಗೇಕೆ ಮಾಡುವರು? 1922ರಲ್ಲಿ ‘ಲಕೋನಿಯಾ’ ಎಂಬ ಹಡಗು ಪ್ರಯಾಣಿಕರನ್ನು ಪೃಥ್ವೀಪ್ರದಕ್ಷಿಣೆಗೆ ಕರೆದೊಯ್ದಾಗ ಅಂಥ ವಿಹಾರವು ಕೆಲವೇ ಧನಿಕರ ಭೋಗವಾಗಿತ್ತು. ಇಂದಿನ ದೊಡ್ಡ ಹಡಗುಗಳು ಸಾವಿರಾರು ಜನರನ್ನು ಹೊರುತ್ತವೆ. ಟಿಕೀಟಿನ ದರವನ್ನು ಕಡಿಮೆಯಾಗಿ ಕಾಣಿಸಿ, ಪಾನೀಯ, ಇಂಟರ್ನೆಟ್, ದಡದ ಮೇಲಿನ ಸುತ್ತಾಟ ಮೊದಲಾದವುಗಳಿಂದ ಲಾಭ ಪಡೆಯುವುದು ಈ ವ್ಯಾಪಾರದ ಕ್ರಮ. ಮರಳಿ ಬರುವ ಗಿರಾಕಿಗಳಿಗೆ ವಿಶೇಷ ಸೌಕರ್ಯಗಳನ್ನು ಕೊಟ್ಟು ಕಟ್ಟಿಹಾಕುವುದೂ ಉಂಟು. ಆದರೆ ಅಂಥವರ ಸಂಖ್ಯೆಯು ಬೆಳೆದಂತೆ ಆ ಉಪಚಾರದ ವೆಚ್ಚವೂ ಬೆಳೆಯುತ್ತದೆ. ಆಗ ಕಂಪನಿಯವರು ಒಂದೊಂದನ್ನೇ ಮೊಟಕು ಮಾಡುತ್ತಾರೆ. ಹಾಗೆ ಬದಲಿಸುವ ಅಧಿಕಾರವನ್ನು ಸಣ್ಣ ಅಕ್ಷರಗಳಲ್ಲಿ ಮೊದಲೇ ಬರೆದುಕೊಂಡಿರುತ್ತಾರೆ.

ಆದುದರಿಂದ ಗೃಹಸ್ಥನು ತಿಳಿಯಬೇಕಾದ ಭೇದವು ಒಂದೇ: ದರದೊಳಗೆ ಸೇರಿದ್ದು ನಮ್ಮ ಹಕ್ಕು, ಮೇಲಿಂದ ಕೊಟ್ಟದ್ದು ಅವರ ಔದಾರ್ಯ. ಹಕ್ಕನ್ನು ಕೇಳಿ ಪಡೆಯಬಹುದು. ಔದಾರ್ಯವನ್ನು ನಂಬಿ ಲೆಕ್ಕ ಹಾಕಬಾರದು.

ನಮ್ಮ ರಾಜ್ಯದಲ್ಲಿಯೂ ನೆಲದ ಮೇಲಿನ ವಿಹಾರನೌಕೆಯೊಂದು ಉಂಟು. 2008ರಲ್ಲಿ ಆರಂಭವಾಗಿ, ನಡುವೆ ನಿಂತು, 2024ರ ಡಿಸೆಂಬರದಲ್ಲಿ ಮತ್ತೆ ಹೊರಟ ‘ಗೋಲ್ಡನ್ ಚಾರಿಯಟ್’ ರೈಲಿನ ಡಬ್ಬಿಗಳಿಗೆ ಕರ್ನಾಟಕದ ರಾಜವಂಶಗಳ ಹೆಸರಿಟ್ಟರು. ಅವುಗಳಲ್ಲಿ ನಮ್ಮ ಜಿಲ್ಲೆಯಿಂದ ಆಳಿದ ರಾಷ್ಟ್ರಕೂಟರೂ ಬಹಮನಿಗಳೂ ಇದ್ದಾರೆ. ದರವು ಲಕ್ಷಗಳ ಲೆಕ್ಕದ್ದು. ಆದರೆ ಊಟ, ವಸತಿ, ಮಾರ್ಗದರ್ಶಿ, ನೋಡುವ ಸ್ಥಳಗಳ ಪ್ರವೇಶಶುಲ್ಕ ಇವೆಲ್ಲ ಅದರೊಳಗೇ ಸೇರಿವೆ. ಬೆಲೆ ಎಷ್ಟೇ ಇರಲಿ, ಹೀಗೆ ಮೊದಲೇ ತಿಳಿಸುವುದು ಒಳ್ಳೆಯ ಕ್ರಮ.

ಇನ್ನು ಸಾಮಾನ್ಯರ ಪ್ರಯಾಣಕ್ಕೆ ಬರೋಣ. ರೈಲಿನಲ್ಲಿ 60 ವರ್ಷ ತುಂಬಿದ ಪುರುಷರಿಗೆ ನೂರಕ್ಕೆ 40ರಷ್ಟು, 58 ತುಂಬಿದ ಸ್ತ್ರೀಯರಿಗೆ ನೂರಕ್ಕೆ 50ರಷ್ಟು ರಿಯಾಯತಿಯಿದ್ದಿತು. ಅದನ್ನು 2020ರ ಮಾರ್ಚ್ 20ರಿಂದ ನಿಲ್ಲಿಸಲಾಯಿತು. ಸಾಂಕ್ರಾಮಿಕವು ಶಮನವಾಗಿ ಗಾಡಿಗಳು ಯಥಾಪ್ರಕಾರ ಓಡತೊಡಗಿದ ಮೇಲೂ ಅದು ಮರಳಲಿಲ್ಲ. ಇತ್ತ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯು ಬಂದು, ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಪ್ರಯಾಣವು ಉಚಿತವಾಯಿತು. ಈಗ ಆಳಂದದ ಅಜ್ಜಿಯು ಗಾಣಗಾಪುರದ ದರ್ಶನಕ್ಕೆ ಶೂನ್ಯ ಟಿಕೀಟಿನಲ್ಲಿ ಹೊರಡುವಳು. ಪಕ್ಕದಲ್ಲಿ ಕುಳಿತ ಅಜ್ಜನು ಹಣ ತೆರುವನು. ಒಂದು ಆದೇಶದಿಂದ ಬಂದ ಸೌಕರ್ಯವು ಇನ್ನೊಂದು ಆದೇಶದಿಂದ ಹೋಗಬಹುದೆಂಬುದು ಹಡಗಿಗೆ ಮಾತ್ರ ಸಲ್ಲುವ ನಿಯಮವಲ್ಲ. ಆದರೆ ಹಡಗಿನ ಹಣ್ಣಿನ ಬುಟ್ಟಿ ತಪ್ಪಿದರೆ ಹೋಗುವುದು ಹಣ್ಣು ಮಾತ್ರ. ವೃದ್ಧರ ರೈಲಿನ ರಿಯಾಯತಿ ತಪ್ಪಿದರೆ ಯಾತ್ರೆಯೇ ಮುಂದೆ ಹೋಗುತ್ತದೆ.

ಹಡಗು ಹತ್ತುವವರಿಗೆ ಕೆಲವು ಸೂಚನೆಗಳು. ಹಣ ಕಟ್ಟುವ ಮುಂಚೆ, ದರದಲ್ಲಿ ಏನೇನು ಸೇರಿದೆ, ಏನೇನು ಸೇರಿಲ್ಲವೆಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ದಲ್ಲಾಳಿಯ ಬಾಯಿಮಾತು ಸಾಲದು. ಹಳೆಯ ಗಿರಾಕಿಯ ಸೌಕರ್ಯವು ಹಣ ಕಟ್ಟಿದ ದಿನದ ನಿಯಮದಂತೆಯೋ, ಹಡಗು ಹೊರಡುವ ದಿನದ ನಿಯಮದಂತೆಯೋ ಎಂದು ಕೇಳಿರಿ. ಬಕ್ಷೀಸನ್ನು ಮುಂಗಡವಾಗಿ ಕಟ್ಟಲು ಬರುವುದಾದರೆ ಕಟ್ಟಿಬಿಡಿರಿ. ಹಡಗಿನ ವೈದ್ಯರ ಶುಲ್ಕವು ಸಾಮಾನ್ಯವಾಗಿ ಬೇರೆ, ಅದೂ ಅಲ್ಪವಲ್ಲ. ಆದುದರಿಂದ ಪ್ರವಾಸದ ವಿಮೆಯನ್ನು ಮಾಡಿಸಿ, ನಿತ್ಯದ ಔಷಧಗಳನ್ನು ಮನೆಯಿಂದಲೇ ಒಯ್ಯಿರಿ. ನಡುಸಮುದ್ರದಲ್ಲಿ ಫೋನಿನ ಮಾತಿಗೆ ಭಾರಿ ದರ ಬೀಳುವುದುಂಟು. ಬಂದರು ಬರುವ ತನಕ ಅದರ ಸಂಪರ್ಕವನ್ನು ಮುಚ್ಚಿಡಿರಿ. ಶಾಕಾಹಾರಿಗಳು ಅದನ್ನು ಮೊದಲೇ ತಿಳಿಸಿರಿ.

ಮಕ್ಕಳಿಗೂ ಒಂದು ಮಾತು. ಟಿಕೀಟು ತೆಗೆದರೆ ಸತ್ಕಾರವು ಪೂರ್ಣವಾಗಲಿಲ್ಲ. ತಂದೆಯ ಹೆಸರಿನಲ್ಲಿ ಹಡಗಿನ ಲೆಕ್ಕಕ್ಕೆ ಮೇಲುಖರ್ಚಿನ ಹಣವನ್ನೂ ತುಂಬಿರಿ. ತುಂಬಿದ್ದೇನೆಂದು ಅವರಿಗೆ ತಿಳಿಸಿರಿ. ಅರಿವೆ ಒಗೆಯಿಸಲು ದರಪಟ್ಟಿ ನೋಡಿ ಹಿಂಜರಿಯುವ ತಾಯಿಗೆ ಸಮುದ್ರದ ಸೊಬಗು ಕಾಣಿಸುವುದೆಂತು? ತಂದೆಗಳಾದರೂ ಸಂಕೋಚವನ್ನು ಬಿಟ್ಟು ಲೆಕ್ಕವನ್ನು ಹೇಳಬೇಕು. ಮುಚ್ಚಿಟ್ಟರೆ ಮಗನು ಮೂರನೆಯ ಸಲವೂ ಹಾಗೆಯೇ ಕಳಿಸುವನು.

ಈ ಸಂಗತಿಯನ್ನು ಬರೆಯಲು ಮಾಸ್ತರರ ಅಪ್ಪಣೆ ಬೇಡಿದೆನು. ಹೆಸರು ಹಾಕಬಾರದೆಂದರು, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಹುಡುಗ ಇದನ್ನ ಓದಿದರ?” ಎಂದು ಕೇಳಿದರು.

“ಓದಲೆಂದೇ ಬರೆಯುತ್ತಿದ್ದೇನ್ರಿ, ಮಾಸ್ತರ” ಎಂದೆನು.

ಅವರು ಬೇಡವೆನ್ನಲಿಲ್ಲ.