ಉದ್ಯಾನದಲ್ಲಿ ಕವಿವಾಣಿ

2017ರಲ್ಲಿ ಕೊಚ್ಚಿಯ ಮೆಟ್ರೋ ರೈಲು ಓಡಲಾರಂಭಿಸಿದಾಗ ಅದರ ನಿಲ್ದಾಣಗಳಲ್ಲೊಂದಕ್ಕೆ ಚಂಗಂಪುಳ ಪಾರ್ಕ್ ಎಂಬ ಹೆಸರು ದೊರೆಯಿತು. ಇಡಪ್ಪಳ್ಳಿಯಲ್ಲಿ 1911ರಲ್ಲಿ ಜನಿಸಿ, ನಲವತ್ತು ತುಂಬುವ ಮೊದಲೇ 1948ರಲ್ಲಿ ಕಾಲವಾದ ಚಂಗಂಪುಳ ಕೃಷ್ಣಪಿಳ್ಳೆಯವರ ಹೆಸರನ್ನು ಇಂದು ಕಾವ್ಯದ ಗಂಧವೇ ಇಲ್ಲದ ಪ್ರಯಾಣಿಕನೂ ಉಚ್ಚರಿಸಿ ಟಿಕೇಟು ಕೊಳ್ಳುತ್ತಾನೆ. ಇದು ಸಲ್ಲತಕ್ಕ ಗೌರವವೇ ಸರಿ. ಆದರೆ ಹೆಸರಿನ ಹಲಗೆಯೊಂದೇ ಕವಿಯನ್ನು ಬದುಕಿಸಲಾರದು.

ಚಂಗಂಪುಳರನ್ನು ಬದುಕಿಸಿದ್ದು ಜನರ ಕಂಠ. ಮಿತ್ರರಾದ ಇಡಪ್ಪಳ್ಳಿ ರಾಘವನ್ ಪಿಳ್ಳೆಯವರ ಆತ್ಮಹತ್ಯೆಯ ಶೋಕದಿಂದ 1936ರಲ್ಲಿ ಹುಟ್ಟಿದ 'ರಮಣನ್' ಕಾವ್ಯವನ್ನು ಅಕ್ಷರ ಬಾರದವರೂ ಬಲ್ಲವರಾದರು. ನಮ್ಮ ಹರಿಕಥೆಗೆ ಸಮೀಪವಾದ ಕಥಾಪ್ರಸಂಗವೆಂಬ ಕಲೆಯ ಮೂಲಕ, ಪರವೂರಿನ ಬಳಿಯ ಕೆಡಾಮಂಗಲಂ ಸದಾನಂದನ್ ಅವರಂಥವರು ಅದನ್ನು ಉತ್ಸವದ ಬಯಲುಗಳಿಗೆ ಕೊಂಡೊಯ್ದರು. ಕವಿಯ ಹೆಸರಿನ ಆ ಉದ್ಯಾನದಲ್ಲಿಯೂ ಸಂಗೀತ, ಕಥಕಳಿಗಳು ನಡೆದುಬಂದಿವೆ.

ಕನ್ನಡಕ್ಕೂ ಈ ಪದ್ಧತಿ ಹೊಸತಲ್ಲ. ಕುಮಾರವ್ಯಾಸನು ಗದುಗಿನ ವೀರನಾರಾಯಣನ ಗುಡಿಯ ಕಂಬವೊಂದರ ಬಳಿ ಕುಳಿತು ಭಾರತವನ್ನು ರಚಿಸಿದನೆಂದು ಪ್ರತೀತಿ. ಊರೂರಿನ ಜಗಲಿ, ಚಾವಡಿಗಳಲ್ಲಿ ಗಮಕಿಗಳು ಅದನ್ನು ವಾಚಿಸಿದರು. ಹೊರನಾಡಿನಲ್ಲಿ ನೆಲಸಿದ ನಾವಾದರೋ ಕನ್ನಡವನ್ನು ಮನೆಯ ಉಪ್ಪಿನಕಾಯಿಯಂತೆ ಒಳಗೇ ಇರಿಸಿಕೊಂಡಿದ್ದೇವೆ. ರಾಜ್ಯೋತ್ಸವವೂ ಬಾಡಿಗೆಯ ಸಭಾಂಗಣದಲ್ಲಿ, ಬಾಗಿಲು ಮುಚ್ಚಿ! ಇಲ್ಲಿಯೇ ಬೆಳೆಯುವ ನಮ್ಮ ಮಕ್ಕಳು, ಕನ್ನಡವೆಂದರೆ ಅಜ್ಜಿಯೊಡನೆ ಮುಗಿದುಹೋಗುವ ಮಾತು ಎಂದು ತಿಳಿದರೆ ತಪ್ಪು ಅವರದೇ?

ಪರಭಾಷೆಯ ಕಾವ್ಯವನ್ನು ಬಯಲಿಗೆ ತಂದರೆ ಸ್ಥಳೀಯರು ಮುನಿದಾರೆಂಬ ಅಂಜಿಕೆ ಕೆಲವರಿಗುಂಟು. ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯು 1991ರಿಂದ ಹದಿನೆಂಟು ವರ್ಷ ಮುಸುಕಿನೊಳಗಿದ್ದು, 2009ರ ಆಗಸ್ಟ್ 9ರಂದು ಅನಾವರಣಗೊಂಡಿತು. ನಾಲ್ಕು ದಿನಗಳ ಬಳಿಕ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ. ಪ್ರತಿಮೆಗೆ ನೆಲ ಬೇಕು. ನೆಲವೆಂದೊಡನೆ ಹಕ್ಕಿನ ಮಾತು ಏಳುತ್ತದೆ. ವಾಚನಕ್ಕೆ ಬೇಕಾದುದು ಒಂದು ಜಮಖಾನೆ, ಎರಡು ಗಂಟೆಯ ಹೊತ್ತು.

ಎರ್ನಾಕುಲದ ಹಿನ್ನೀರಿನ ದಡದಲ್ಲಿ ಮಹಾನಗರಪಾಲಿಕೆಯ ಸುಭಾಷ್ ಪಾರ್ಕ್ ಇದೆ. ಅನುಮತಿ ಪಡೆದು, ಮಳೆಗಾಲ ಕಳೆದ ಮೇಲೆ ಒಂದು ಭಾನುವಾರದ ಸಂಜೆ ಅಲ್ಲಿ ಕುಮಾರವ್ಯಾಸನ ಕರ್ಣನ ಪ್ರಸಂಗವನ್ನು ವಾಚಿಸಿ, ಮಲೆಯಾಳದಲ್ಲಿ ಅರ್ಥ ಹೇಳಿಸಬಹುದು. ಕಥಕಳಿಯ 'ಕರ್ಣಶಪಥ'ವನ್ನು ಕಂಡವರಿಗೆ ಕಥೆ ಅಪರಿಚಿತವಲ್ಲ. ಗಮಕಿಯನ್ನು ಊರಿನಿಂದ ಕರೆಸುವ ವೆಚ್ಚಕ್ಕೆ ಸಭಾಂಗಣದ ಬಾಡಿಗೆ ಉಳಿದೇ ಇರುತ್ತದೆ. ಮಕ್ಕಳನ್ನು ಮಾತ್ರ ಮುಂದಿನ ಸಾಲಿನಲ್ಲಿ ಕುಳ್ಳಿರಿಸಬೇಕು.