ಹಳೆ ಕಾರು ನಿಂತಲ್ಲೇ ನಡುಗುವುದೇಕೆ?

ಪರೀಕ್ಷೆ ಮುಗಿದು ರಜೆ ಬಂತೆಂದರೆ ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಅಂಗಳದ ಮೂಲೆಯ ಹಳೆ ಕಾರಿಗೆ ಮತ್ತೆ ಜೀವ ಬರುತ್ತದೆ. ಅಪ್ಪನೋ ಅಜ್ಜನೋ ಆಸೆಪಟ್ಟು ಕೊಂಡ ಮಾರುತಿ 800 ಕಾರು ಅದು. ಹೆದ್ದಾರಿಯಲ್ಲಿ ಕಾಪುವಿನವರೆಗೆ ಚೆನ್ನಾಗಿಯೇ ಓಡುತ್ತದೆ. ಆದರೆ ಕಲ್ಸಂಕದಲ್ಲೋ ಮಣಿಪಾಲದ ಟೈಗರ್ ಸರ್ಕಲ್‌ನಲ್ಲೋ ವಾಹನಗಳ ಸಾಲಿನಲ್ಲಿ ನಿಂತರೆ ಸಾಕು, ಸ್ಟೇರಿಂಗು ನಡುಗುತ್ತದೆ, ಕನ್ನಡಿ ಅಲುಗುತ್ತದೆ, ಕೊನೆಗೆ ಎಂಜಿನ್ ನಿಂತೇಬಿಡುತ್ತದೆ. 'ಕಾರ್ಬುರೇಟರ್ ಹೋಗಿದೆ, ಹೊಸದು ಹಾಕಿಸಿ' ಎಂಬ ಸಲಹೆ ನೆರೆಕರೆಯಿಂದ ಬರುತ್ತದೆ. ಹಾಕಿಸಿದ ಮೇಲೂ ನಡುಕ ನಿಲ್ಲದಿದ್ದರೆ? ಹಣವೂ ಹೋಯಿತು, ರೋಗವೂ ಉಳಿಯಿತು.

ಅನೇಕ ಸಲ ಇದರ ಮೂಲ ಬೆರಳು ಗಾತ್ರದ ಒಂದು ರಬ್ಬರ್ ಪೈಪಿನ ಬಿರುಕು. ಅದನ್ನು ಕಂಡುಹಿಡಿಯಲು ದುಬಾರಿ ಯಂತ್ರಕ್ಕಿಂತ ಮೊದಲು ಬೇಕಾದದ್ದು ಕ್ರಮಬದ್ಧವಾದ ಯೋಚನೆ. ಪಿ.ಯು.ಸಿ.ಯಲ್ಲಿ ವಾಯುವಿನ ಒತ್ತಡದ ಪಾಠ ಓದಿದ ವಿದ್ಯಾರ್ಥಿಗೆ ಇದು ಕೈಗೆಟುಕದ ವಿದ್ಯೆಯೇನೂ ಅಲ್ಲ.

ಎಳನೀರಿನ ಕೊಳವೆ

ಪೆಟ್ರೋಲ್ ಎಂಜಿನ್ ಒಂದು ಲೆಕ್ಕದಲ್ಲಿ ಗಾಳಿ ಹೀರುವ ಪಂಪು. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿಗೆ ಗಾಳಿ ನುಗ್ಗುತ್ತದೆ. ಅದು ಕಾರ್ಬುರೇಟರ್ ಮೂಲಕ ಬರುವಾಗ ಪೆಟ್ರೋಲನ್ನು ಎಳೆದು ತರುತ್ತದೆ. ಒಂದು ಗ್ರಾಂ ಪೆಟ್ರೋಲು ಸಂಪೂರ್ಣ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರು ನಿಂತು ಎಂಜಿನ್ ಮಾತ್ರ ತಿರುಗುತ್ತಿರುವಾಗ, ಅಂದರೆ ಐಡ್ಲಿಂಗ್‌ನಲ್ಲಿ, ಗಾಳಿಯ ದಾರಿಯ ಥ್ರಾಟಲ್ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಪಿಸ್ಟನ್‌ಗಳು ಎಳೆಯುತ್ತಲೇ ಇರುತ್ತವೆ, ಗಾಳಿ ಸಾಕಷ್ಟು ಬರುವುದಿಲ್ಲ. ಆದ್ದರಿಂದ ಬಾಗಿಲಿನ ಆಚೆಗಿರುವ ಮ್ಯಾನಿಫೋಲ್ಡ್ ಎಂಬ ಕೊಳವೆಯಲ್ಲಿ ಒತ್ತಡ ಕುಸಿಯುತ್ತದೆ. ಇದನ್ನೇ ಮೆಕ್ಯಾನಿಕರು 'ವ್ಯಾಕ್ಯೂಂ' ಎನ್ನುತ್ತಾರೆ. ಇದು ಪೂರ್ತಿ ನಿರ್ವಾತವಲ್ಲ, ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ, ಅಷ್ಟೆ.

ಎಳನೀರು ಹೀರುವ ಕೊಳವೆಗೆ ನಡುವೆ ತೂತು ಬಿದ್ದರೆ ಏನಾಗುತ್ತದೆ? ಎಷ್ಟು ಎಳೆದರೂ ಬಾಯಿಗೆ ಗಾಳಿಯೇ ಬರುತ್ತದೆ. ಮ್ಯಾನಿಫೋಲ್ಡಿಗೆ ಸೇರಿದ ಪೈಪು ಬಿರಿದಾಗಲೂ ಹೀಗೆಯೇ. ಕಾರ್ಬುರೇಟರಿನ ಲೆಕ್ಕಕ್ಕೆ ಸಿಗದ ಕಳ್ಳಗಾಳಿ ಒಳಗೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣಕ್ಕೆ ಕೆಲವೊಮ್ಮೆ ಕಿಡಿ ಹತ್ತುತ್ತದೆ, ಕೆಲವೊಮ್ಮೆ ಹತ್ತುವುದಿಲ್ಲ. ಮಾರುತಿ 800ಕ್ಕೆ ಇರುವುದು 796 ಸಿ.ಸಿ.ಯ ಮೂರೇ ಸಿಲಿಂಡರು. ನಿಮಿಷಕ್ಕೆ 900 ಸುತ್ತಿನಲ್ಲಿ ಮೂರೂ ಸೇರಿ 1,350 ಸಲ ಉರಿಯಬೇಕು. ಒಂದು ಸಿಲಿಂಡರು ತಪ್ಪಿದರೆ ಮೂರನೇ ಒಂದು ಪಾಲು ಬಲವೇ ತಪ್ಪಿದಂತೆ. ಆ ನಡುಕ ಇಡೀ ಕಾರಿಗೆ ಹಬ್ಬುತ್ತದೆ.

ಹಾಗಾದರೆ ಓಡುವಾಗ ಯಾಕೆ ತೊಂದರೆ ಇಲ್ಲ? ಒಂದು ಲೋಟ ಮಜ್ಜಿಗೆಗೆ ಅರ್ಧ ಲೋಟ ನೀರು ಬಿದ್ದರೆ ರುಚಿ ಕೆಡುತ್ತದೆ. ಅದೇ ನೀರು ಮದುವೆ ಮನೆಯ ಹಂಡೆ ಮಜ್ಜಿಗೆಗೆ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆಕ್ಸಲರೇಟರ್ ಒತ್ತಿದಾಗ ಎಂಜಿನಿಗೆ ಹೋಗುವ ಗಾಳಿ ಹೆಚ್ಚುತ್ತದೆ, ಮ್ಯಾನಿಫೋಲ್ಡಿನ ಎಳೆತ ಕಡಿಮೆಯಾಗುತ್ತದೆ. ಕಳ್ಳಗಾಳಿಯ ಪಾಲು ಗಣನೆಗೆ ಬಾರದಷ್ಟಾಗುತ್ತದೆ. ನಿಂತಾಗ ನಡುಕ, ಓಡುವಾಗ ಸರಾಗ: ವ್ಯಾಕ್ಯೂಂ ಸೋರಿಕೆಯ ಮೊದಲ ಗುರುತು ಇದು.

ಮೊದಲು ಪ್ರಶ್ನೆ, ಆಮೇಲೆ ಸ್ಪ್ಯಾನರು

ನಡುಕಕ್ಕೆ ಕಾರಣ ಇದೊಂದೇ ಅಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಆಷಾಢದ ಬೆಳಿಗ್ಗೆ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕೂತರೂ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ಎಂಜಿನ್ ಬಿಸಿಯಾಗಿ ತೇವ ಆರಿದ ಮೇಲೆ ಸರಿಹೋದರೆ ಕಾರಣ ಅಲ್ಲಿರಬಹುದು. ಎಲ್ಲ ವೇಗದಲ್ಲೂ ಮಿಸ್ಸಿಂಗ್ ಇದ್ದರೆ ಸ್ಪಾರ್ಕ್ ಪ್ಲಗ್, ಅದರ ವಯರು, ವಾಲ್ವ್ ಇವುಗಳ ಮೇಲೆ ಅನುಮಾನ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇದ್ದರೆ ಮಿಶ್ರಣ ತೆಳುವಲ್ಲ, ದಪ್ಪ. ಇಂಜೆಕ್ಷನ್ ಬಂದ ನಂತರದ ಕಾರುಗಳಲ್ಲಿ ಇದೇ ಸೋರಿಕೆಗೆ ಬೇರೆ ವೇಷ. ಅಲ್ಲಿ ಐಡ್ಲಿಂಗ್ ತಗ್ಗುವ ಬದಲು ಏರಬಹುದು, ಇಲ್ಲವೇ ಏರಿಳಿಯುತ್ತಲೇ ಇರಬಹುದು.

ಆದ್ದರಿಂದ ಒಂದು ನೋಟುಪುಸ್ತಕದಲ್ಲಿ ಮೊದಲು ಬರೆದಿಡಬೇಕು: ನಡುಕ ತಣ್ಣಗಿರುವಾಗಲೋ ಬಿಸಿಯಾದ ಮೇಲೋ? ಮಳೆಯಲ್ಲಿ ಮಾತ್ರವೋ? ನಿಂತಾಗ ಮಾತ್ರವೋ? ಈ ಮೂರು ಉತ್ತರಗಳಿಂದಲೇ ಅನುಮಾನದ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ಎರಡನೆಯದು ಕಣ್ಣು ಮತ್ತು ಕಿವಿಯ ಕೆಲಸ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಮ್ಯಾನಿಫೋಲ್ಡಿಗೆ ಸೇರಿದ ಪ್ರತಿಯೊಂದು ರಬ್ಬರ್ ಪೈಪನ್ನೂ ಬಗ್ಗಿಸಿ ನೋಡಬೇಕು. ಬಿರುಕು ಇರುವುದು ಸಾಮಾನ್ಯವಾಗಿ ತುದಿಯಲ್ಲಿ, ತಿರುವಿನಲ್ಲಿ, ಕ್ಲಿಪ್ಪಿನ ಅಡಿಯಲ್ಲಿ. ಎಂಜಿನ್ನಿನ ಕಾವಿಗೆ ವರ್ಷಗಟ್ಟಲೆ ಬೆಂದ ರಬ್ಬರು ಗಟ್ಟಿಯಾಗಿ ಒಡೆಯುತ್ತದೆ. ಕಾಪುವಿನಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಕ್ಲಿಪ್ಪುಗಳೂ ತುಕ್ಕು ಹಿಡಿದು ಸಡಿಲವಾಗುತ್ತವೆ. ಇದರ ಜೊತೆಗೆ 2023ರಿಂದ ಹಂತಹಂತವಾಗಿ ಬಂದ 20 ಪ್ರತಿಶತ ಎಥನಾಲ್ ಬೆರೆಸಿದ ಪೆಟ್ರೋಲು ಸೇರಿಕೊಂಡಿದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬುರೇಟರ್ ಕಾರಿನ ಮಿಶ್ರಣ ಮೊದಲೇ ತುಸು ತೆಳು. ಇಂಧನ ಸಾಗುವ ಹಳೆಯ ರಬ್ಬರ್ ಭಾಗಗಳೂ ಅದಕ್ಕೆ ಬೇಗ ಸೋಲಬಹುದು.

ಎಂಜಿನ್ ತಿರುಗುವಾಗ 'ಸ್ಸ್' ಎಂಬ ಸದ್ದು ಬರುತ್ತಿದೆಯೇ ಎಂದು ಕೇಳಲು ಎರಡಡಿ ಉದ್ದದ ರಬ್ಬರ್ ಪೈಪು ಸಾಕು. ಒಂದು ತುದಿ ಕಿವಿಯ ಬಳಿ, ಇನ್ನೊಂದು ತುದಿ ಅನುಮಾನದ ಜಾಗದಲ್ಲಿ. ವೈದ್ಯರ ಸ್ಟೆತಾಸ್ಕೋಪಿನ ಉಪಾಯವೇ ಇದು.

ಮೂರನೆಯದು ಬಹಳ ಚೆಂದದ ಪರೀಕ್ಷೆ. ಮ್ಯಾನಿಫೋಲ್ಡಿನಿಂದ ಹೊರಟ ಮೆತ್ತನೆಯ ಪೈಪುಗಳನ್ನು ಒಂದೊಂದಾಗಿ, ಬುಡದಲ್ಲಿ, ಬಟ್ಟೆ ಸುತ್ತಿದ ಇಕ್ಕಳದಿಂದ ಒತ್ತಿ ಮುಚ್ಚಬೇಕು. ಯಾವ ಪೈಪು ಮುಚ್ಚಿದಾಗ ಎಂಜಿನ್ ಸಮಾಧಾನಕ್ಕೆ ಬರುತ್ತದೋ ಸೋರಿಕೆ ಅದರಲ್ಲಿ, ಅಥವಾ ಅದು ತಲುಪುವ ಭಾಗದಲ್ಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಉಳಿದದ್ದನ್ನು ಹಾಗೇ ಬಿಡುವುದು: ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ನಡೆಯುವುದು. ಯಾವ ಪೈಪೂ ಸಿಕ್ಕದಿದ್ದರೆ ಕಾರ್ಬುರೇಟರ್ ಬುಡದ ಅಥವಾ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನ ಸರದಿ. ಅಲ್ಲಿ ಸೋರಿಕೆ ಹುಡುಕಲು ಕೆಲವರು ಪೆಟ್ರೋಲ್ ಹನಿಸುತ್ತಾರೆ. ಬಿಸಿ ಎಂಜಿನಿನ ಮೇಲೆ ಇದು ಬೆಂಕಿಗೆ ಆಹ್ವಾನ. ಆ ಕೆಲಸವನ್ನು ಮೆಕ್ಯಾನಿಕರಿಗೆ ಬಿಡುವುದೇ ಲೇಸು.

ಇಷ್ಟೆಲ್ಲ ಮಾಡುವಾಗ ಕಾರು ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಬಯಲಲ್ಲಿ ನಿಂತಿರಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಜೀವ ತೆಗೆಯುತ್ತದೆ. ಪಂಚೆಯ ಚುಂಗು, ದುಪಟ್ಟಾ, ಜಡೆ ಬೆಲ್ಟಿನ ಹತ್ತಿರ ಸುಳಿಯಬಾರದು. ರೇಡಿಯೇಟರ್ ಫ್ಯಾನು ಇದ್ದಕ್ಕಿದ್ದಂತೆ ತಿರುಗಬಹುದು. ಹಿರಿಯರೊಬ್ಬರು ಜೊತೆಯಲ್ಲಿ ಇರಲೇಬೇಕು.

ಗೇಜು ಹೇಳುವ ಭೂಗೋಳ

ವರ್ಕ್‌ಶಾಪಿನಲ್ಲಿ ವ್ಯಾಕ್ಯೂಂ ಗೇಜು ಇದ್ದರೆ ಅನುಮಾನ ಬೇಗ ಬಗೆಹರಿಯುತ್ತದೆ. ಸಮುದ್ರಮಟ್ಟದಲ್ಲಿ ಹೊರಗಾಳಿಯ ಒತ್ತಡ ಸುಮಾರು 30 ಅಂಗುಲ ಪಾದರಸಕ್ಕೆ ಸಮ. ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಅಂಗುಲದವರೆಗೆ ಎಳೆತ ತೋರಿಸುತ್ತದೆ, ಮುಳ್ಳು ಅಲುಗುವುದಿಲ್ಲ. ಮುಳ್ಳು ಸ್ಥಿರವಾಗಿದ್ದೂ ತೀರ ಕೆಳಗಿದ್ದರೆ ಸೋರಿಕೆಯೋ ಇಗ್ನಿಷನ್ ಟೈಮಿಂಗೋ ಕಾರಣವಿರಬಹುದು. ತಾಳಕ್ಕೆ ಸರಿಯಾಗಿ ಕುಸಿದು ಏಳುತ್ತಿದ್ದರೆ ಒಂದು ಸಿಲಿಂಡರಿನ ವಾಲ್ವೋ ಪ್ಲಗ್ಗೋ ಕೈಕೊಟ್ಟಿರಬಹುದು.

ಕಾಪು ಕಡಲತೀರದಲ್ಲಿ 18 ಅಂಗುಲ ತೋರಿಸಿದ ಅದೇ ಎಂಜಿನ್, ಕಾರ್ಕಳದಿಂದ ಹೆಬ್ರಿ ಹಾದು ಆಗುಂಬೆ ಏರಿದರೆ ಸುಮಾರು 16 ತೋರಿಸೀತು. ಎಂಜಿನ್ ಕೆಟ್ಟಿತೆಂದಲ್ಲ. ಆಗುಂಬೆ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿದೆ. ಸುಮಾರು ಸಾವಿರ ಅಡಿ ಏರಿದಂತೆ ಗಾಳಿಯ ಒತ್ತಡ ಒಂದಂಗುಲ ಇಳಿಯುತ್ತದೆ. ಗೇಜು ಓದುವವರಿಗೆ ಭೂಗೋಳವೂ ತಿಳಿದಿರಬೇಕು.

ಬ್ರೇಕಿನ ಮಾತು

ಐಡ್ಲಿಂಗ್ ಸ್ಕ್ರೂ ತಿರುಗಿಸಿ ವೇಗ ಹೆಚ್ಚಿಸಿದರೆ ನಡುಕ ಅಡಗುತ್ತದೆ. ತುಂಬ ಕಡೆ ದುರಸ್ತಿ ಅಲ್ಲಿಗೇ ಮುಗಿಯುತ್ತದೆ. ಜ್ವರದ ಮಾತ್ರೆಯಿಂದ ಮೈ ತಣ್ಣಗಾದೀತು, ರೋಗ ಹೋಗದು. ಇಲ್ಲಿ ರೋಗವನ್ನು ಉಳಿಸಿಕೊಳ್ಳುವುದು ಅಪಾಯ. ಬ್ರೇಕ್ ಬೂಸ್ಟರ್ ಇರುವ ಕಾರುಗಳಲ್ಲಿ ಮ್ಯಾನಿಫೋಲ್ಡಿನಿಂದ ಹೊರಡುವ ದಪ್ಪ ಪೈಪು ಬೂಸ್ಟರಿಗೆ ಹೋಗುತ್ತದೆ. ಕಾಲಿನ ಬಲಕ್ಕೆ ವಾಯುವಿನ ಒತ್ತಡದ ಬಲವನ್ನು ಸೇರಿಸುವುದು ಆ ಬೂಸ್ಟರು. ಆ ಪೈಪೋ ಒಳಗಿನ ಪೊರೆಯೋ ಹರಿದರೆ ಎಂಜಿನ್ನೂ ನಡುಗುತ್ತದೆ, ಪೆಡಲೂ ಕಲ್ಲಿನಂತಾಗುತ್ತದೆ. ಬ್ರೇಕು ಪೂರ್ತಿ ಹೋಗುವುದಿಲ್ಲ, ಆದರೆ ಕಾರು ನಿಲ್ಲಿಸಲು ಹಲವು ಪಟ್ಟು ಬಲ ಬೇಕು.

ಪರೀಕ್ಷಿಸಲು ಅರ್ಧ ನಿಮಿಷ ಸಾಕು. ಎಂಜಿನ್ ಆರಿಸಿ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿದರೆ ಅದು ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಬೇಕು. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ, ಇಲ್ಲವೇ ಪೆಡಲ್ ಒತ್ತಿದಾಗಲೆಲ್ಲ ಎಂಜಿನ್ ಸದ್ದು ಕುಗ್ಗಿ ನಡುಗಿದರೆ, ಕಾರು ಹೊರಡಿಸದೆ ಮೆಕ್ಯಾನಿಕರನ್ನು ಕರೆಸಬೇಕು.

ಮೆಕ್ಯಾನಿಕರ ಬಳಿ ಹೋದಾಗ 'ಕಾರ್ಬುರೇಟರ್ ಬದಲಿಸಿ' ಎನ್ನುವುದಕ್ಕಿಂತ 'ನಿಂತಾಗ ಮಾತ್ರ ನಡುಗುತ್ತದೆ, ಈ ಪೈಪು ಒತ್ತಿದರೆ ಸರಿಹೋಗುತ್ತದೆ' ಎನ್ನುವ ಗಿರಾಕಿಯ ಕೆಲಸ ಬೇಗ ಮುಗಿಯುತ್ತದೆ, ಖರ್ಚೂ ಉಳಿಯುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವ ತಂದೆತಾಯಿಗೆ ಪೆಡಲಿನ ಆ ಅರ್ಧ ನಿಮಿಷ ಖರ್ಚಿನ ಲೆಕ್ಕಕ್ಕಿಂತ ದೊಡ್ಡದು.