180 ಗಂಟೆಯಲ್ಲಿ ಊರಿಗೆ ಎಷ್ಟು?

ಬೇಸಿಗೆ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೈಲು ಹಿಡಿದುಕೊಂಡು ಮನೆಗೆ ಬಂದಳು. ಡಿಗ್ರಿ ಮೊದಲ ವರ್ಷ ಮುಗಿಸಿದ್ದಾಳೆ. "ಸರ್, ಊರಿನ ಸರ್ವೆ ಮಾಡೀನಿ, ಒಂದು ಸಹಿ ಹಾಕಿಕೊಡ್ರಿ" ಅಂದಳು. ಸಹಿ ಹಾಕುವ ಮೊದಲು ಹಾಳೆ ತಿರುವಿ ನೋಡಿದೆವು. ಗುಳೆ ಹೋಗುವವರು ಎಂಬ ಕಡೆ ಮನೆ ಮನೆಗೂ ಸೊನ್ನೆ! ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸ್ನೇಹಿತರೇ, ಇದು ಹುಡುಗಿಯ ತಪ್ಪಲ್ಲ. ಆಂಧ್ರದ ಉನ್ನತ ಶಿಕ್ಷಣ ಮಂಡಳಿ 2020-21ರಲ್ಲಿ ತಂದ ಡಿಗ್ರಿ ಪಠ್ಯಕ್ರಮದಲ್ಲಿ ಸಮುದಾಯ ಸೇವಾ ಪ್ರಾಜೆಕ್ಟ್ ಕಡ್ಡಾಯವಾಯಿತು. ಮೊದಲ ವರ್ಷ ಮುಗಿದ ಮೇಲೆ ರಜೆಯಲ್ಲಿ 180 ಗಂಟೆ ಕೆಲಸ, ಅದಕ್ಕೆ 4 ಕ್ರೆಡಿಟ್. ಸರ್ವೆ, ಜಾಗೃತಿ, ಜನರ ಜೊತೆ ಕೆಲಸ, ಕೊನೆಗೆ ವರದಿ. 1969ರಲ್ಲಿ ಶುರುವಾದ ಎನ್ನೆಸ್ಸೆಸ್‌ನಲ್ಲಿ ಇಷ್ಟವಿದ್ದವರು ಕ್ಯಾಂಪಿಗೆ ಹೋಗುತ್ತಿದ್ದರು. ಇಲ್ಲಿ ಊರೇ ಪಾಠ, ಅದಕ್ಕೆ ಅಂಕವೂ ಉಂಟು.

ಯೋಜನೆ ಒಳ್ಳೆಯದೇ. ವಿದ್ಯಾರ್ಥಿ ಸಂಜೆ ಮನೆಗೆ ಮರಳುವಷ್ಟು ಹತ್ತಿರದ ಊರನ್ನೇ ಕೊಡಬೇಕು ಎಂಬ ಮಾತು ನಮಗಂತೂ ವರ. 1953ರಲ್ಲಿ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ ಮೇಲೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ಬಾಳು ನಮ್ಮದು. ಹೊಳಗುಂದದ ಅಜ್ಜಿಯ ಮಾತನ್ನು ಕೇಳಿ ಕಚೇರಿಗೆ ಅರ್ಥವಾಗುವಂತೆ ಬರೆಯಬಲ್ಲವರು ನಮ್ಮ ಶಾಲೆಗಳಲ್ಲಿ ಓದಿದ ಮಕ್ಕಳೇ.

ಹಾಗಾದರೆ ಸೊನ್ನೆ ಎಲ್ಲಿಂದ ಬಂತು? ನಮ್ಮ ಕಡೆ ದೀಪಾವಳಿ ಮುಗಿಯುತ್ತಲೇ ಮನೆಗಳಿಗೆ ಬೀಗ ಬೀಳುತ್ತದೆ. ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೋದವರು ಯುಗಾದಿ ಹೊತ್ತಿಗೆ ಮರಳುತ್ತಾರೆ. ಮೇ ತಿಂಗಳಲ್ಲಿ ಎಣಿಸಿದರೆ ಊರು ತುಂಬಿರುತ್ತದೆ. ಮಗು ಶಾಲೆಗೆ ಹೋಗುತ್ತದೆಯೇ ಎಂದರೆ "ಹೂಂ" ಎನ್ನುತ್ತಾರೆ. ನಾಲ್ಕು ತಿಂಗಳು ಬಂದಿಲ್ಲ ಎಂದು ಹೇಳಬೇಕಾದ ಹಾಜರಿ ಪುಸ್ತಕ ಮಾತ್ರ ಬೀಗ ಹಾಕಿದ ಶಾಲೆಯ ಅಲ್ಮೇರಾದಲ್ಲಿ ಕೂತಿರುತ್ತದೆ!

ಗುಳೆ ಹೋದವರ ಮಕ್ಕಳಿಗೆ ಸೀಸನಲ್ ಹಾಸ್ಟೆಲ್ ಎಂಬ ವ್ಯವಸ್ಥೆ ಸರ್ವ ಶಿಕ್ಷಾ ಅಭಿಯಾನದ ಕಾಲದಿಂದ ಉಂಟು. ಅದನ್ನು ಕೇಳಲು ಲೆಕ್ಕ ಬೇಕು. ಊರಿನ ಮಗಳೇ ಸೊನ್ನೆ ಎಂದು ಬರೆದರೆ ನಾವು ಯಾವ ಮುಖದಿಂದ ಕೇಳೋಣ?

ನಮ್ಮ ಬೇಡಿಕೆ ದೊಡ್ಡದಲ್ಲ. 180 ಗಂಟೆಯಲ್ಲಿ ಕೆಲವನ್ನಾದರೂ ಗುಳೆಯ ಕಾಲಕ್ಕೆ ಇಡಿ, ಭಾನುವಾರಗಳಾದರೂ ಸಾಕು. ಏನನ್ನು ಸರ್ವೆ ಮಾಡಬೇಕೆಂದು ಮೊದಲು ಊರನ್ನೂ ಶಾಲೆಯನ್ನೂ ಕೇಳಿ. ವರದಿಯ ಒಂದು ಪ್ರತಿ ಕನ್ನಡದಲ್ಲಿ ಶಾಲೆಗೆ ಬರಲಿ, ತಾಯಿ ತಂದೆಯರ ಸಭೆಯಲ್ಲಿ ಅದನ್ನು ಓದಲಿ. ಕಾಲೇಜಿನ ಮೇಷ್ಟ್ರಿಗೆ ನೂರೆಂಟು ಕೆಲಸ, ಒಬ್ಬೊಬ್ಬರಿಗೆ ಒಂದು ತರಗತಿಯಷ್ಟು ಹುಡುಗರು. ನಮಗೂ ಗೊತ್ತು. ಆದರೆ ಕನ್ನಡ ಪ್ರತಿಯನ್ನು ತಿದ್ದಲು ನಾವಿದ್ದೇವಲ್ಲ! ಊರಿಂದ ಮಾಹಿತಿ ಒಯ್ದು ಊರಿಗೆ ಏನನ್ನೂ ತರದಿದ್ದರೆ ಅದನ್ನು ಸಹಭಾಗಿತ್ವ ಅನ್ನುವುದು ಹೇಗೆ?

ಅಂದು ನಾವು ಸಹಿ ಹಾಕಲಿಲ್ಲ. ಶಾಲೆಯ ಬೀಗ ತೆಗೆದು ಹಾಜರಿ ಪುಸ್ತಕ ಮುಂದಿಟ್ಟೆವು. ಹುಡುಗಿ ಡಿಸೆಂಬರಿನ ಪುಟ ನೋಡಿ ಸುಮ್ಮನಾದಳು. ಆಮೇಲೆ ಮೆಲ್ಲಗೆ, "ಸರ್, ಐದನೇ ಕ್ಲಾಸಿನಲ್ಲಿ ನಾನೂ ಹೋಗಿದ್ದೆ" ಅಂದಳು. ಎರಡು ದಿನ ಮತ್ತೆ ಮನೆ ಮನೆ ಸುತ್ತಿ ಹಾಳೆ ತಿದ್ದಿದಳು. ಆಗ ಸಹಿ ಹಾಕಿದೆವು.

ಮುಂದಿನ ಬೇಸಿಗೆಯಲ್ಲಿ ನಿಮ್ಮ ಬಾಗಿಲಿಗೂ ಹಳೆಯ ವಿದ್ಯಾರ್ಥಿಗಳು ಬರಬಹುದು. ಸಹಿಗೆ ಮೊದಲು ಅವರ ಮುಂದೆ ಹಾಜರಿ ಪುಸ್ತಕ ತೆರೆದಿಡಿ. ಏನಂತೀರಿ?